ಹಿಂದಿನ ಸೀಟಿನ ಮಾತು ಮುಂದಿನವನಿಗೆ ಕೇಳಿಸದ ಬಗ್ಗೆ

ಮುಖ್ಯ ವಿನ್ಯಾಸಕರು,
ಸ್ಟ್ರೈಕರ್ ಮೋಟಾರ್ ಸೈಕಲ್ ವಿಭಾಗ,
ಪ್ರಭಂಜನ ಮೋಟಾರ್ಸ್, ಇವರ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ, ಮುಖವನ್ನೂ ಕಂಡಿಲ್ಲ. ಆದರೆ ಒಂದಿಡೀ ಮಳೆಗಾಲ ನನ್ನ ಎರಡು ಮುಂಗೈಗಳು, ಕುತ್ತಿಗೆ ಮತ್ತು ಸೊಂಟದ ಕೆಳಭಾಗ ಬೆಳಗ್ಗೆ ಸಂಜೆ ತಪ್ಪದೆ ತಮ್ಮನ್ನು ನೆನೆದಿರುವುದರಿಂದ, ನಮಗೆ ಪರಿಚಯವೇ ಇಲ್ಲವೆಂದರೆ ಕೃತಘ್ನತೆಯಾದೀತು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಬೆನ್ನು ನೆಟ್ಟಗಿದೆಯೆಂದೂ ನಂಬಿ, ಮೊದಲು ನಮಸ್ಕಾರವನ್ನೂ ಅದರ ಹಿಂದೆಯೇ ದೂರನ್ನೂ ಸಲ್ಲಿಸುತ್ತಿದ್ದೇನೆ.

ನಾನು ಗುರುಸಿದ್ದ, ಬಾಗಲಕೋಟೆ ಕಡೆಯವನು. ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ಎಕ್ಸ್-ರೇ ತೆಗೆಯುವುದು ನನ್ನ ಕೆಲಸ. ದಿನವಿಡೀ ಬೇರೆಯವರ ಬೆನ್ನುಮೂಳೆಯನ್ನು ಬೆಳಕಿಗೆ ಹಿಡಿದು ನೋಡುವವನು ತಮ್ಮ ವಾಹನವನ್ನು ಕೊಂಡದ್ದು ಹೇಗೆ ಎಂದು ನನ್ನ ಸಹೋದ್ಯೋಗಿಗಳು ಈಗಲೂ ಕೇಳುತ್ತಾರೆ. ತಮ್ಮ ಜಾಹೀರಾತು ಅಷ್ಟು ಚೆನ್ನಾಗಿತ್ತು ಎನ್ನುವುದನ್ನು ಬಿಟ್ಟು ನನ್ನಲ್ಲಿ ಬೇರೆ ಉತ್ತರವಿಲ್ಲ. ಅದರಲ್ಲಿ ಒಬ್ಬ ಯುವಕ ಬೆಟ್ಟದ ತಿರುವಿನಲ್ಲಿ ಮೈಯನ್ನು ಬಾಗಿಸಿ, ಟ್ಯಾಂಕಿಗೆ ಎದೆಯೊತ್ತಿ ಹೋಗುತ್ತಿದ್ದ. ಆ ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಸ್ಸಿಲ್ಲ, ಹಸುವಿಲ್ಲ, ಅಗೆದ ಗುಂಡಿಯಿಲ್ಲ, ಮುಖ್ಯವಾಗಿ ಅವನ ಹಿಂದೆ ಯಾರೂ ಕುಳಿತಿರಲಿಲ್ಲ. ಇದನ್ನು ನಾನು ಆಗಲೇ ಗಮನಿಸಬೇಕಿತ್ತು.

ನಾವು ಬಿಟಿಎಂ ಎರಡನೇ ಹಂತದಲ್ಲಿ ಗಂಗಾಧರಯ್ಯನವರ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮವ್ವ ಯಲ್ಲವ್ವ ಕೋಣೆಯಲ್ಲಿ ಮಲಗುತ್ತಾಳೆ, ನನ್ನ ತಮ್ಮ ಹನಮಂತ ಹಾಲಿನಲ್ಲಿ ಟೀವಿಯ ಎದುರು ಮಲಗುತ್ತಾನೆ, ನಾನು ಮತ್ತು ನನ್ನ ಹೆಂಡತಿ ದಾನಮ್ಮ ಇವರಿಬ್ಬರ ನಡುವೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ. ಅಡಿಗೆಮನೆಯಲ್ಲಿ ಪಿಸುಗುಟ್ಟಿದರೂ ಹಾಲಿನಿಂದ ಉತ್ತರ ಬರುವಷ್ಟು ಆತ್ಮೀಯವಾದ ಮನೆ ಅದು. ಆದ್ದರಿಂದ ಗಂಡ ಹೆಂಡತಿ ಮಾತಾಡಲು ನಮಗಿದ್ದ ಜಾಗವೆಂದರೆ ನಮ್ಮ ಹಳೆಯ ಸ್ಕೂಟರಿನ ಸೀಟು. ಬೆಳಗ್ಗೆ ಅವಳನ್ನು ಜಯನಗರ ನಾಲ್ಕನೇ ಬ್ಲಾಕಿನ ವಿಮಾ ಕಚೇರಿಗೆ ಬಿಟ್ಟು ನಾನು ಲ್ಯಾಬಿಗೆ ಹೋಗುತ್ತಿದ್ದೆ, ಸಂಜೆ ಹಾಗೆಯೇ ವಾಪಸು. ಅವಳು ಒಂದು ಬದಿಗೆ ಕುಳಿತು, ನನ್ನ ಭುಜದ ಹತ್ತಿರ ಬಾಯಿ ತಂದು, ಹನಮಂತನ ಮದುವೆಯಿಂದ ಹಿಡಿದು ಅವ್ವನ ಕಣ್ಣಿನ ಪೊರೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ನಮ್ಮ ಜಗಳಗಳೂ ಅಲ್ಲಿಯೇ ನಡೆದು, ಜಯನಗರದ ಈಸ್ಟ್ ಎಂಡ್ ಸರ್ಕಲ್ಲು ಬರುವಷ್ಟರಲ್ಲಿ ಮುಗಿಯುತ್ತಿದ್ದವು.

ಆ ಸ್ಕೂಟರು ವಯಸ್ಸಾಗಿ ನಿಂತುಹೋಯಿತು. ನಾನು ತಮ್ಮ ಸ್ಟ್ರೈಕರನ್ನು ತಂದೆ.

ಷೋರೂಮಿನಲ್ಲಿ ದಾನಮ್ಮ ಹಿಂದಿನ ಸೀಟನ್ನು ಮುಟ್ಟಿ ನೋಡಿ, "ಇದೇನ್ರೀ, ಇದು ಕೂಡ್ರೋ ಜಾಗಾನೋ, ಹೆಲ್ಮೆಟ್ ಇಡೋ ಜಾಗಾನೋ?" ಎಂದು ಕೇಳಿದಳು. ಅವಳು ಹಳ್ಳಿಯವಳು, ವಿನ್ಯಾಸದ ಸೂಕ್ಷ್ಮ ಅವಳಿಗೆ ತಿಳಿಯದು ಎಂದುಕೊಂಡೆ. ನಾನೂ ಅದೇ ಹಳ್ಳಿಯವನೆಂಬುದು ಆ ಕ್ಷಣದಲ್ಲಿ ಮರೆತಿತ್ತು. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದಾಗ ಅವ್ವ ಕುಂಕುಮ ಹಚ್ಚಿ, ಸುತ್ತಲೂ ಒಮ್ಮೆ ನೋಡಿ, "ಏರಾಕ ಏಣಿ ಎಲ್ಲೈತೋ ತಮ್ಮಾ?" ಎಂದಳು.

ಮಾನ್ಯರೇ, ಹಿಂದೆ ಕೂರುವವರನ್ನು ಇಷ್ಟು ಎತ್ತರಕ್ಕೆ ಏರಿಸಿದ ಸಂಸ್ಥೆ ಈ ದೇಶದಲ್ಲಿ ಇನ್ನೊಂದಿಲ್ಲ. ನಾನು ಕೆಳಗೆ, ಹ್ಯಾಂಡಲಿನ ಮೇಲೆ ಕವುಚಿ, ಕಳೆದುಹೋದ ಚಿಲ್ಲರೆ ಹುಡುಕುವವನಂತೆ ರಸ್ತೆಯನ್ನು ನೋಡುತ್ತ ಸಾಗುತ್ತಿದ್ದರೆ, ನನ್ನ ಹೆಂಡತಿ ಉತ್ಸವಮೂರ್ತಿಯ ಹಾಗೆ ಮೇಲೆ ಬಿಜಯಂಗೈಯುತ್ತಿದ್ದಳು. ಬನ್ನೇರುಘಟ್ಟ ರಸ್ತೆಯ ಸಿಗ್ನಲಿನಲ್ಲಿ ಅವಳ ಮುಖ ಸರಿಯಾಗಿ ಬಸ್ಸಿನ ಕಿಟಕಿಯ ಮಟ್ಟಕ್ಕೆ ಬರುತ್ತಿತ್ತು. ಒಮ್ಮೆ ಕಿಟಕಿಯ ಪಕ್ಕದ ಮಹಿಳೆಯೊಬ್ಬರು "ಸೀರೆ ಎಲ್ಲಿ ತಗೊಂಡ್ರಿ ಅಕ್ಕಾ?" ಎಂದು ವಿಚಾರಿಸಿ, ಹಸಿರು ದೀಪ ಬರುವುದರೊಳಗೆ ಇಬ್ಬರೂ ಅಂಗಡಿಯ ವಿಳಾಸ, ಬ್ಲೌಸು ಹೊಲಿಯುವವರ ವಿಳಾಸ ಎಲ್ಲವನ್ನೂ ಮಾತಾಡಿ ಮುಗಿಸಿದರು. ಬಸ್ಸಿನಲ್ಲಿದ್ದವರೊಡನೆ ಅವಳು ಮಾತಾಡಬಹುದಿತ್ತು. ನನ್ನೊಡನೆ ಸಾಧ್ಯವಿರಲಿಲ್ಲ. ಅವಳ ಮಾತು ನನ್ನ ತಲೆಯ ಮೇಲಿಂದ ಹಾದು, ನನಗಿಂತ ಮೊದಲು ಜಯನಗರ ಸೇರುತ್ತಿತ್ತು. ಇನ್ನು ಮಳೆ ಬಂದರೆ ಹಿಂದಿನ ಚಕ್ರ ರಸ್ತೆಯ ಕೆಸರನ್ನೆಲ್ಲ ಒಂದು ಹನಿಯೂ ವ್ಯರ್ಥವಾಗದಂತೆ ಅವಳ ಬೆನ್ನಿಗೆ ತಲುಪಿಸುತ್ತಿತ್ತು. ಆ ನಿಖರತೆಗೆ ತಮ್ಮನ್ನು ಪ್ರತ್ಯೇಕವಾಗಿ ಅಭಿನಂದಿಸಬೇಕು.

ಆದರೂ ನಾನು ದೂರು ಬರೆಯುತ್ತಿರಲಿಲ್ಲ. ಬರೆಯುವಂತಾದದ್ದು ಜಯದೇವ ಮೇಲ್ಸೇತುವೆಯ ಹತ್ತಿರ ನಡೆದ ಒಂದು ಸಂಗತಿಯಿಂದ.

ಆ ಬೆಳಗ್ಗೆ ದಾನಮ್ಮ ಬಹಳ ಹೊತ್ತು ಏನನ್ನೋ ಹೇಳುತ್ತಿದ್ದಳು. ಎಂಜಿನ್ನು ತಮ್ಮ ಇಚ್ಛೆಯಂತೆ ಗರ್ಜಿಸುತ್ತಿತ್ತು, ಹೆಲ್ಮೆಟಿನೊಳಗೆ ಗಾಳಿ ಊಳಿಡುತ್ತಿತ್ತು, ನನ್ನ ಮುಂಗೈ ಜೋಮು ಹಿಡಿದಿತ್ತು. ಮಾತು ನಿಂತಂತೆ ಅನಿಸಿದಾಗ ನಾನು "ಹೂಂ" ಎಂದೆ. ಅವಳು ಮತ್ತೇನೋ ಕೇಳಿದಳು. ಎಲ್ಲ ಗಂಡಂದಿರೂ ಮಾಡುವಂತೆ ನಾನು ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಹೂಂ, ಹೂಂ" ಎಂದೆ. ಕಚೇರಿಯ ಮುಂದೆ ಅವಳು ಇಳಿದು, ಸೀರೆ ಸರಿಮಾಡಿಕೊಂಡು, ತಿರುಗಿಯೂ ನೋಡದೆ ಒಳಗೆ ಹೋದಳು. ಅಂದಿನಿಂದ ಗಾಡಿಯ ಮೇಲೆ ಅವಳು ಮಾತಾಡುವುದನ್ನೇ ಬಿಟ್ಟಳು. ಮನೆಯಲ್ಲೂ ಅನ್ನ ಬೇಕೇ ರೊಟ್ಟಿ ಬೇಕೇ ಎನ್ನುವಷ್ಟೇ ಮಾತು. ತಮ್ಮ ವಾಹನದಿಂದ ಸಂಸಾರದಲ್ಲಿ ಶಾಂತಿ ನೆಲೆಸಿತೆಂದು ನಾನು ಮೂರ್ಖನಂತೆ ಸಂತೋಷಪಟ್ಟೆ.

ಒಂದು ಭಾನುವಾರ ಗಂಗಾಧರಯ್ಯನವರು ಗೇಟಿನ ಬಳಿ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಈ ಲೇಔಟು ಹೊಲವಾಗಿದ್ದಾಗ ಇಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಕುಂಡದಲ್ಲಿ ಗುಲಾಬಿ ಬೆಳೆಯುತ್ತಾರೆ. ನನ್ನನ್ನು ನೋಡಿ, "ಏನ್ ಸಾರ್, ಮೇಡಂಗೆ ಪ್ರಮೋಷನ್ ಆಯ್ತಂತಲ್ಲ! ಬಿಜಾಪುರಕ್ಕೆ ಹೋಗ್ತಾರಂತೆ, ನಮ್ ಮನೆಯವಳು ಲಕ್ಷ್ಮಮ್ಮ ಹೇಳಿದ್ಲು. ನೀವೂ ಖಾಲಿ ಮಾಡ್ತೀರೋ, ಇಲ್ಲೇ ಇರ್ತೀರೋ?" ಎಂದರು.

"ಯಾರು ಬಿಜಾಪುರಕ್ಕೆ ಹೋಗೋದು?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನಿಮಗೇ ಗೊತ್ತಿಲ್ವಾ ಸಾರ್?" ಎಂದು ಮೆಲ್ಲಗೆ ಹೇಳಿ, ಮರುಕದಿಂದ ನಲ್ಲಿಯನ್ನು ನಿಲ್ಲಿಸಿಬಿಟ್ಟರು.

ನಾನು ಮೇಲೆ ಓಡಿದೆ. ದಾನಮ್ಮ ಹಿಟ್ಟು ನಾದುತ್ತಿದ್ದಳು, ಅವ್ವ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಿಜಾಪುರದ ಸುದ್ದಿ ನನಗೇಕೆ ಹೇಳಲಿಲ್ಲವೆಂದು ಕೇಳಿದೆ. ಅವಳು ಹಿಟ್ಟಿನಿಂದ ಕಣ್ಣೆತ್ತಲಿಲ್ಲ.

"ಹೇಳೀನಲ್ರಿ. ಮ್ಯಾನೇಜರ್ ಮಾಡ್ಯಾರ, ಎರಡ್ ವರ್ಷ ಅಲ್ಲೇ ಇರಬೇಕಾಗ್ತದ, ಹೋಗ್ಲೇನು ಅಂತ ಕೇಳಿದೆ. ನೀವು ಹೂಂ ಅಂದ್ರಿ. ಖರೇನ ಹೋಗ್ಲೇನು ಅಂತ ಮತ್ತ ಕೇಳಿದೆ. ಹೂಂ ಹೂಂ ಅಂದ್ರಿ." ಸ್ವಲ್ಪ ತಡೆದು, "ಅಷ್ಟ್ ಲಗೂ ಹೂಂ ಅಂತೀರಂತ ನಾ ಅನ್ಕೊಂಡಿರ್ಲಿಲ್ಲ" ಎಂದಳು.

ಗಾಡಿಯ ಮೇಲೆ ಏನೂ ಕೇಳಿಸಲಿಲ್ಲವೆಂದು ನಾನು ಹೇಳಿದೆ. ಅದನ್ನು ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅವ್ವನಿದ್ದಳು, ಹನಮಂತನಿದ್ದ, ಅದಕ್ಕಿಂತ ಹೆಚ್ಚಿಗೆ ಆ ಮನೆಯಲ್ಲಿ ಮಾತಾಡುವಂತಿರಲಿಲ್ಲ. ಎದೆಯೊಳಗೆ ಏನೋ ಕುಸಿದ ಹಾಗಾಯಿತು. ಎಕ್ಸ್-ರೇ ತೆಗೆದಿದ್ದರೆ ಏನೂ ಕಾಣುತ್ತಿರಲಿಲ್ಲ.

ಮರುದಿನವೇ ನಾನು ಸ್ಟ್ರೈಕರನ್ನು ತಮ್ಮ ಷೋರೂಮಿಗೆ ವಾಪಸು ಒಯ್ದು, ಬದಲಿಗೆ ಬೇರೆ ಗಾಡಿ ತೋರಿಸಿ ಎಂದೆ. ಮೂಲೆಯಲ್ಲಿ ತಮ್ಮದೇ ಸಂಸ್ಥೆಯ ಇನ್ನೊಂದು ಗಾಡಿ ಧೂಳು ಹಿಡಿದು ನಿಂತಿತ್ತು. ಎತ್ತರದ ಹ್ಯಾಂಡಲು, ಮಟ್ಟಸವಾದ ಉದ್ದನೆಯ ಸೀಟು, ಸೀರೆ ಸಿಕ್ಕದಂತೆ ಅಗಲವಾದ ಜಾಲರಿ. ಅದು ತಮ್ಮ ಕೈಯ ಕೆಲಸವಾಗಿರಲಾರದು. ಸೇಲ್ಸಿನವನಿಗೆ ನನ್ನ ಮೇಲೆ ನಿಜವಾದ ಕಾಳಜಿ ಇತ್ತು. "ಇದು ಹಾಲು ಹಾಕೋರು ತಗೊಳ್ಳೋ ಗಾಡಿ ಸಾರ್. ಸ್ಟ್ರೈಕರ್ ಓಡಿಸಿದವರು ಇದರ ಮೇಲೆ ಕೂತ್ರೆ ನೋಡೋರು ಏನಂತಾರೆ?" ಎಂದ.

ನಾನು ಮುಂದೆ ಕುಳಿತು, ಎಂಜಿನ್ನು ಶುರುಮಾಡಿ, ಅವನನ್ನು ಹಿಂದೆ ಕೂರಲು ಹೇಳಿದೆ. ಏನಾದರೂ ಮಾತಾಡಿ ಎಂದೆ.

"ಏನ್ ಮಾತಾಡ್ಲಿ ಸಾರ್?"

"ಏನಾದ್ರೂ ಮನೀ ವಿಷಯ. ದನಿ ಏರಿಸಬ್ಯಾಡ್ರಿ."

ಅವನು ಸುತ್ತ ಒಮ್ಮೆ ನೋಡಿದ. ಆಮೇಲೆ, "ನನ್ ಮದುವೆಗೆ ಅಪ್ಪ ಬರ್ಲಿಲ್ಲ ಸಾರ್. ಈಗ್ಲೂ ಮಾತಾಡ್ಸಲ್ಲ" ಎಂದ. ಒಂದಕ್ಷರ ಬಿಡದೆ ಕೇಳಿಸಿತು. ಇಳಿದು ನಾವಿಬ್ಬರೂ ಬೇರೆ ಬೇರೆ ಕಡೆ ನೋಡಿಕೊಂಡು ನಿಂತೆವು. ಗಾಡಿ ಇದೇ ಇರಲಿ ಎಂದೆ.

ಅಂದು ಸಂಜೆ ದಾನಮ್ಮನನ್ನು ಕಚೇರಿಯಿಂದ ಕರೆದುಕೊಂಡು, ಮನೆಯ ಕಡೆ ತಿರುಗದೆ ಹುಳಿಮಾವಿನ ಹಾದಿ ಹಿಡಿದೆ. ಕೆರೆ ಹತ್ತಿರವಾದಾಗ ಹಳೆಯ ಅಭ್ಯಾಸದಂತೆ ನನ್ನ ಭುಜದ ಬಳಿ ಬಾಗಿ, "ಅವತ್ತ ಕೇಳಿದ್ದನ್ನ ಮತ್ತ ಕೇಳ್ತೀನ್ರಿ. ನಾ ಬಿಜಾಪುರಕ್ಕ ಹೋಗ್ಲೋ, ಬ್ಯಾಡೋ?" ಎಂದಳು.

ಮಾನ್ಯರೇ, ಆರಾಮದ ಗಾಡಿಯ ದೊಡ್ಡ ಅನಾನುಕೂಲವನ್ನು ನಾನು ಅನುಭವಿಸಿದ್ದು ಆಗಲೇ. ಕೇಳಿಸಲಿಲ್ಲ ಎನ್ನುವ ಸೌಲಭ್ಯ ಅದರಲ್ಲಿಲ್ಲ.

"ಬ್ಯಾಡ" ಎಂದೆ.

"ಯಾಕ?"

ಅವ್ವನ ಔಷಧಿ, ಹನಮಂತನ ಊಟ, ಎರಡು ಮನೆಯ ತಾಪತ್ರಯ ಎಂದು ಹೇಳಬಹುದಾದ ಕಾರಣಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಬಾಯಿಂದ ಬಂದದ್ದು ಬೇರೆಯೇ. "ನೀ ಇಲ್ಲಂದ್ರ ನಾ ಯಾರ್ ಜೋಡಿ ಮಾತಾಡ್ಲಿ?" ಎಂದೆ.

ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು. ಕೆರೆಯ ಏರಿ ಮುಗಿಯಿತು. ಆಮೇಲೆ, "ಇದಿಷ್ಟ ಕೇಳಬೇಕಾಗಿತ್ತ್ರಿ ನಂಗ" ಎಂದಳು. "ನಾ ಹೋಗ್ತೀನಿ. ಇಷ್ಟ್ ವರ್ಷ ದುಡಿದೀನಿ, ಆ ಕುರ್ಚಿ ಮ್ಯಾಲೆ ಒಮ್ಮಿ ಕೂಡ್ರಬೇಕು ಅಂತ ಭಾಳ ಆಸೆ ಐತ್ರಿ. ಆದ್ರ ಈಗ ಸಮಾಧಾನದಿಂದ ಹೋಗ್ತೀನಿ."

ಹೋಗಬೇಡವೆಂದು ನಾನು ಮತ್ತೆ ಹೇಳಲಿಲ್ಲ. ಅವಳ ಆಸೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ದಸರಾ ಮುಗಿಯುವಷ್ಟರಲ್ಲಿ ಅವಳು ಹೋದಳು. ಈಗ ಬಿಜಾಪುರದ ಶಾಖೆಯಲ್ಲಿ ಅವಳ ಮಾತನ್ನು ಎಲ್ಲರೂ ಕೇಳುತ್ತಾರಂತೆ. ಸಂಜೆ ಫೋನು ಮಾಡುತ್ತಾಳೆ. ನಾನು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಅದರ ಮೇಲೆಯೇ ಕುಳಿತು ಮಾತಾಡುತ್ತೇನೆ. ಹಿಂದಿನ ಸೀಟಿನಲ್ಲಿ ವಾರಕ್ಕೊಮ್ಮೆ ಅವ್ವ ಕೂರುತ್ತಾಳೆ. ದೇವಸ್ಥಾನಕ್ಕೆ ಹೋಗಿ ಬರುವವರೆಗೂ ನನ್ನ ಲೋಪದೋಷಗಳನ್ನು ವಿವರಿಸುತ್ತಾಳೆ, ಎಲ್ಲವೂ ಕೇಳಿಸುತ್ತದೆ.

ಇನ್ನು ನನ್ನ ಬೇಡಿಕೆ. ಸ್ಟ್ರೈಕರನ್ನು ನಿಲ್ಲಿಸಿಬಿಡಿ ಎನ್ನುವಷ್ಟು ಒರಟನು ನಾನಲ್ಲ. ಯುವಕರ ವೇಗ ಯುವಕರಿಗಿರಲಿ. ತಾವು ಮಾತ್ರ ದಯವಿಟ್ಟು ಒಂದು ಬೆಳಗ್ಗೆ ತಮ್ಮ ಶ್ರೀಮತಿಯವರೊಡನೆ ಬಿಟಿಎಂಗೆ ಆಗಮಿಸಿ, ತಮ್ಮದೇ ಗಾಡಿಯಲ್ಲಿ ಅವರನ್ನು ಹಿಂದೆ ಕೂರಿಸಿಕೊಂಡು ಜಯನಗರದವರೆಗೆ ಪ್ರಯಾಣಿಸಬೇಕು. ಆ ಅವಧಿಯಲ್ಲಿ ಅವರು ತಮ್ಮನ್ನು ಜೀವನದ ಅತಿ ಮುಖ್ಯವಾದ ಪ್ರಶ್ನೆಯೊಂದನ್ನು ಕೇಳಬೇಕು. ತಾವು ಏನು ಉತ್ತರ ಕೊಟ್ಟಿರೆಂಬುದನ್ನು ಇಳಿದ ಮೇಲೆ ಅವರಿಂದಲೇ ತಿಳಿದುಕೊಳ್ಳಬೇಕು. ಗಂಗಾಧರಯ್ಯನವರು ಗೇಟಿನ ಬಳಿ ತಮಗೆ ಕಾಫಿಯ ವ್ಯವಸ್ಥೆ ಮಾಡಲು ಒಪ್ಪಿದ್ದಾರೆ.

ಇಷ್ಟೆಲ್ಲ ಆದಮೇಲೂ ತಮ್ಮಲ್ಲಿ ವಿಶ್ವಾಸ ಉಳಿಸಿಕೊಂಡಿರುವ,
ಗುರುಸಿದ್ದ
ಬಿಟಿಎಂ ಎರಡನೇ ಹಂತ, ಬೆಂಗಳೂರು

ಮರೆತ ಮಾತು: ತಮ್ಮ ಸಂಸ್ಥೆಯವರು ಪ್ರೀತಿಯಿಂದ ಕಳಿಸಿದ ಹೊಸ ವರ್ಷದ ಕ್ಯಾಲೆಂಡರು ತಲುಪಿತು, ವಂದನೆಗಳು. ಪ್ರತಿ ತಿಂಗಳ ಪುಟದಲ್ಲೂ ಸ್ಟ್ರೈಕರಿನ ಪಕ್ಕ ಒಬ್ಬೊಬ್ಬ ಸುಂದರಿ ನಿಂತಿದ್ದಾರೆ. ಒಬ್ಬರು ಒರಗಿದ್ದಾರೆ, ಒಬ್ಬರು ಕೈಯಿಟ್ಟಿದ್ದಾರೆ, ಡಿಸೆಂಬರಿನವರು ನೆಲದ ಮೇಲೆಯೇ ಕುಳಿತಿದ್ದಾರೆ. ಸಂಭಾವನೆ ಕೊಟ್ಟರೂ ಹಿಂದಿನ ಸೀಟು ಹತ್ತಲು ಅವರಲ್ಲಿ ಒಬ್ಬರೂ ಒಪ್ಪದಿರುವುದನ್ನು ಗಮನಿಸಿ, ಆ ಹೆಣ್ಣುಮಕ್ಕಳ ಬುದ್ಧಿಯನ್ನು ನಮ್ಮವ್ವ ಬಹಳ ಮೆಚ್ಚಿಕೊಂಡಳು.