ಶರಣಾದ ಹಡಗಿಗೆ ಮೇವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ದೊಡ್ಡಪ್ಪನ ಮನೆಯಿಂದ ಬೀಗರು ಉಣ್ಣದೆ ಎದ್ದುಹೋದ ಪ್ರಕರಣದಲ್ಲಿ ಅರ್ಧ ಪಾಲು ನನ್ನದು. ಹಡಗಿನ ಯುದ್ಧದಾಟದ ಡಬ್ಬ ತಂದವನು ನಾನು. ಸೋತ ಬೀಗರ ದನಿಯನ್ನು ಅನುಕರಿಸಿದ ಮಂಗನೂ ನಾನೇ. ಉಳಿದರ್ಧ ದೊಡ್ಡಪ್ಪನದು. ಅದನ್ನು ಅವರು ಯಾರಿಗೂ ಬಿಟ್ಟುಕೊಡುವವರಲ್ಲ!

ಸಮುದ್ರವನ್ನೇ ನೋಡದೆ ಸಮುದ್ರದ ಕಾನೂನು ತಿದ್ದಿದವರು ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ತ್ಯಾವಣಿಗೆಯ ನಮ್ಮ ದೊಡ್ಡಪ್ಪ. ಅವರು ಕಂಡ ಅತಿ ದೊಡ್ಡ ನೀರು ಸೂಳೆಕೆರೆ. "ಇದಕ್ಕಿಂತ ದೊಡ್ಡದಿದ್ರೆ ಅದು ಸುಮ್ನೆ ದಂಡ ಕಣಲೇ" ಎನ್ನುತ್ತಾರೆ. ಯಾವ ಆಟವನ್ನೂ ಇದ್ದಂತೆ ಆಡಿದವರಲ್ಲ. ಚೌಕಾಬಾರದಲ್ಲಿ ಕಾಯಿ ಕಡಿಸಿಕೊಂಡವರಿಗೆ ಸಮಾಧಾನಕ್ಕೊಂದು ಲೋಟ ಚಹಾ ಎಂದು ನಿಯಮ ಮಾಡಿ, ದೊಡ್ಡಮ್ಮನ ಸಕ್ಕರೆ ಡಬ್ಬ ಬರಿದು ಮಾಡಿಸಿದ ಪುಣ್ಯಾತ್ಮ!

ಆವತ್ತು ಜಗಳೂರಿನಿಂದ ಬೀಗರು, ಅಂದರೆ ದೊಡ್ಡಪ್ಪನ ಮಗಳಾದ ನಮ್ಮ ಅಕ್ಕನ ಮಾವ, ಬಂದಿದ್ದರು. ಅಕ್ಕನನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವ ದಿನ ಗೊತ್ತು ಮಾಡಬೇಕಿತ್ತು. ಅಡುಗೆ ಆಗುವವರೆಗೆ ಹೊತ್ತು ಹೋಗಲೆಂದು ನಾನು ಆಟ ಹರಡಿ ನಿಯಮ ಓದಿದೆ: "ಮುಳುಗಿಸಿದ ಹಡಗಿಗೆ ಹತ್ತು ಅಂಕ. ಬಾವುಟ ಇಳಿಸಿ ಶರಣಾದ ಹಡಗನ್ನು ಹಿಡಿದವರಿಗೆ ಇಪ್ಪತ್ತು."

"ಯಾವ ಊರಿನ ನ್ಯಾಯನಲೇ ಇದು?" ದೊಡ್ಡಪ್ಪ ಗುಡುಗಿದರು. "ಹೊಲಕ್ಕೆ ನುಗ್ಗಿದ ದನಾನ ಹಿಡಿದು ಕಟ್ಟಿದ್ರೆ ಬಿಡಿಸ್ಕೊಂಡು ಹೋಗೋವರ್ಗೂ ಮೇವು ಹಾಕೋರು ಯಾರು? ಹಿಡಿದೋನೇ! ಹಡಗಿನಾಗೆ ಇರೋರು ಉಣ್ಣಾಕಿಲ್ವಾ?"

ಹೊಸ ತಿದ್ದುಪಡಿ ಬಂತು: ಶರಣಾದ ಹಡಗು ಹಿಡಿದರೆ ಇಪ್ಪತ್ತು ಅಂಕವೇನೋ ಸರಿ, ಆದರೆ ಸುತ್ತು ಸುತ್ತಿಗೂ ಅದರ ಮೇವಿಗೆಂದು ಐದು ಕಡಿತ!

"ಹಾಕಾಣ ಬಿಡ್ರಿ, ಏನೀಗ" ಎಂದು ಬೀಗರು ನಕ್ಕರು. ಪಾಪ, ಚೆನ್ನಾಗಿಯೇ ಆಡಿದರು. ದೊಡ್ಡಪ್ಪನನ್ನು ಮೂಲೆಗೆ ಒತ್ತಿದರು. ಆಗ ಬಂತು ನೋಡಿ ಕುತಂತ್ರ! ದೊಡ್ಡಪ್ಪ ಒಂದೇ ಒಂದು ಹಡಗನ್ನು ಉಳಿಸಿಕೊಂಡು ಮಿಕ್ಕ ಎಲ್ಲವುಗಳ ಕಾಗದದ ಬಾವುಟ ಇಳಿಸಿದರು. "ಶರಣು ಬೀಗರೇ! ತಗಳ್ರಿ, ಮೇವು ಹಾಕಿ ಸಾಕ್ಕಳ್ರಿ!"

ಆಮೇಲೆ ಆ ಒಂಟಿ ಹಡಗು ಕೊಟ್ಟಿಗೆಯಿಂದ ತಪ್ಪಿಸಿಕೊಂಡ ಕರುವಿನಂತೆ ಸುತ್ತಿನ ಮೇಲೆ ಸುತ್ತು ಓಡಿದ್ದೇ ಓಡಿದ್ದು. ಬೀಗರ ಅಂಕವೆಲ್ಲ ಮೇವಿಗೇ ಕರಗಿ ಸೊನ್ನೆಗೆ ಬಂತು.

"ಇದೇನ್ರೀ ಅನ್ಯಾಯ! ಹಿಡಿದೋನೂ ನಾನೇ, ದಿವಾಳಿ ಆಗಿದ್ದೂ ನಾನೇ?"

ಒಳಗೆ ಹೋಗಿ ದೊಡ್ಡಮ್ಮನಿಗೆ ಇದನ್ನೇ ಬೀಗರ ಮೂಗಿನ ರಾಗದಲ್ಲಿ ಹೇಳಿದೆ. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಕ್ಷಾತ್ ಬೀಗರು!

"ನಮ್ಮನೆ ಮುದ್ದೆ ನಮಗೈತೆ" ಎಂದವರೇ ಚಪ್ಪಲಿ ಮೆಟ್ಟಿದರು. ಹಾಕಿದ ಎಲೆ ಹಾಗೇ ಉಳಿಯಿತು. ದಿನ ಗೊತ್ತು ಮಾಡುವ ಮಾತೂ ನಿಂತಿತು.

ಮೊದಲು ಫೋನ್ ಮಾಡುವವರು ಯಾರು? ಅವರೂ ಮಾಡಲಿಲ್ಲ, ಇವರೂ ಮಾಡಲಿಲ್ಲ. ಕೊನೆಗೆ ಅಕ್ಕನೇ ಮಾಡಿದಳು. "ಅಪ್ಪಾ, ನನ್ನ ಕರಿಯಾಕೆ ಬರ್ತೀಯೋ, ನಾನು ಇಲ್ಲೇ ಹೆರ್ಲೋ?"

ದೊಡ್ಡಪ್ಪ ಫೋನನ್ನು ದೊಡ್ಡಮ್ಮನ ಕೈಗಿಟ್ಟರು. ಮರುದಿನ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. "ನಡಿಯಲೇ, ಜಗಳೂರಿಗೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಬೀಗರು ಜಗಲಿಯ ಮೇಲೆ ಕೂತಿದ್ದರು. ಏಳಲಿಲ್ಲ. "ಅವತ್ತು ದನಿ ಮಾಡಿದ್ದು ತಪ್ಪಾತು ಮಾವಾರೇ" ಎಂದೆ, ಅಪರೂಪಕ್ಕೆ ನನ್ನದೇ ದನಿಯಲ್ಲಿ. ದೊಡ್ಡಪ್ಪ ಪಕ್ಕದಲ್ಲಿ ಕೂತು, ಜೇಬಿನಿಂದ ಆ ಒಂಟಿ ಹಡಗನ್ನು ತೆಗೆದರು. ಅದರ ಬಾವುಟ ಕಿತ್ತು ಬೀಗರ ಮುಂದಿಟ್ಟರು.

"ಇದೂ ಶರಣು, ಬೀಗರೇ. ಮಗಳನ್ನ ಕಳಿಸ್ರಿ." ಬಾಗಿಲ ಹಿಂದೆ ಅಕ್ಕನ ಬಳೆ ಸದ್ದಾಯಿತು.

ಬೀಗರು ಹಡಗನ್ನು ಅಂಗೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಅಂದರು:

"ಕರ್ಕೊಂಡು ಹೋಗೋದು ಉಂಡ್ಮೇಲೆ. ಹಿಡಿದೋನೇ ಮೇವು ಹಾಕ್ಬೇಕು ಅಂತ ಕಾನೂನು ಮಾಡಿದೋರು ನೀವೇ ಅಲ್ವೇನ್ರೀ? ಏಳ್ರಿ, ಕೈ ತೊಳಕಳ್ರಿ. ಮುದ್ದೆ ಆರ್ತೈತೆ!"