ಬದರಿಗೆ ಮೈ ಸಜ್ಜು ಮಾಡಿಕೊಂಡದ್ದು

ಒಬ್ಬ ಮನುಷ್ಯ ತನ್ನ ಮೈಯನ್ನು ಯಾವುದಕ್ಕಾದರೂ ಸಜ್ಜು ಮಾಡಿಕೊಳ್ಳಲು ಹೊರಟರೆ, ಆ ಮೈಯ ಉಸ್ತುವಾರಿಯನ್ನು ಊರೇ ವಹಿಸಿಕೊಳ್ಳುತ್ತದೆ. ನಮ್ಮ ಹಿರೋಡೆಯಲ್ಲಿ ಇದು ಸದಾ ನಡೆಯುವುದೇ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಬದರಿ ನೋಡಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಅಲ್ಲಿಗೇ ಹೋಗಿ ಅವಳಿಗೆ ಪಿಂಡ ಇಡಬೇಕೆಂದು ನಿಶ್ಚಯಿಸಿದೆ. ಆ ಎತ್ತರದಲ್ಲಿ ಗಾಳಿಯೇ ತೆಳುವು, ಅರ್ಧದಾರಿಯಿಂದ ಹಿಂತಿರುಗಿದವರುಂಟು ಎಂದು ಹೋಗಿಬಂದವರು ಹೇಳಿದರು. ನಾನೋ ಶಾಲೆಯ ಮೆಟ್ಟಿಲಿಗೇ ಏದುಸಿರು ಬಿಡುವವನು.

೧. ಉಸಿರು

ಶ್ರೀರಂಗಪಟ್ಟಣದ ಗರಡಿಯ ಉಸ್ತಾದರನ್ನು ಕೇಳಿದೆ. "ಅಲ್ಲಿ ಗಾಳಿ ಕಮ್ಮಿ ಅಂತೀರಿ. ಇಲ್ಲೇ ಕಮ್ಮಿ ಗಾಳೀಲಿ ಬದುಕೋದು ಕಲೀರಿ, ಮೇಷ್ಟ್ರೇ. ಉಸ್ರು ಎಳ್ಕೊಂಡು, ಮನಸ್ಸಲ್ಲೇ ಒಂದು ಶ್ಲೋಕ ಮುಗ್ಯೋ ತನ್ಕ ಬುಡ್ಬೇಡಿ" ಎಂದರು.

ಮಕ್ಕಳು ಲೆಕ್ಕ ಮಾಡುವಾಗ ಅಭ್ಯಾಸ ನಡೆಸಿದ್ದೆ. ಶ್ಲೋಕದ ಮೂರನೆಯ ಪಾದದಲ್ಲಿದ್ದಾಗ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದು, "ಮಕ್ಕಳು ಗಣಿತದಲ್ಲಿ ಹೇಗಿದ್ದಾರೆ?" ಎಂದರು. ನಾನು ಎದ್ದು ನಿಂತು ನಾಲ್ಕನೆಯ ಪಾದ ಮುಗಿಸಿ, ಹಿಡಿದಿದ್ದ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟೆ.

"ಅರ್ಥವಾಯಿತು ಬಿಡಿ," ಎಂದರು ಸಾಹೇಬರು. "ಎಲ್ಲ ಶಾಲೆಯಲ್ಲೂ ಇದೇ ಕಥೆ."

೨. ಹುರುಳಿ

ಮನೆಯಲ್ಲಿ ಅಡುಗೆ ಅಕ್ಕನದು. ಚಳಿಯ ಸೀಮೆಗೆ ಹೋಗುವವನು ಈಗಲೇ ಮೈಯಲ್ಲಿ ಉಷ್ಣ ಕೂಡಿಡಬೇಕೆಂದು ಅವಳು ಹುರುಳಿ ಹಿಡಿದಳು. ಹುರುಳಿ ಸಾರು, ಹುರುಳಿ ಉಸಲಿ, ಹುರುಳಿ ಚಟ್ನಿ. ಬೇಡವೆಂದರೆ, "ಏರು ಹತ್ತೋದಕ್ಕೆ ಶಕ್ತಿ ಬೇಡವೇನೋ?" ಎನ್ನುವಳು.

ರೈಲು ಸ್ಟೇಷನ್ನಿನ ಹಾದಿಯಲ್ಲಿ ಜಟಕಾ ಹೊಡೆಯುವ ಸಾಬರಿಗೆ ಇದನ್ನು ಹೇಳಿದೆ. ಅವರು ತಮ್ಮ ಕುದುರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇದ್ಕೂ ಅದೇ ಹಾಕೋದು ಸ್ವಾಮಿ. ಏರು ಬಂದ್ರೆ ನಿಂತ್ಬುಡ್ತದೆ, ನಾನೇ ಇಳ್ದು ಗಾಡಿ ತಳ್ತೀನಿ. ಅಲ್ಲಿ ನಿಮ್ಮನ್ನ ತಳ್ಳೋಕೆ ಯಾರವ್ರೆ?"

೩. ಬೆಟ್ಟ

ಕಡೆಗೆ ದಿನವೂ ಬೆಳಗ್ಗೆ ಕುಂತಿಬೆಟ್ಟ ಹತ್ತತೊಡಗಿದೆ. ಪಕ್ಕದ ಮನೆಯ ಗೌಡರೂ ಸ್ವಲ್ಪ ಹಿಂದೆ ಹತ್ತುತ್ತಿದ್ದರು. ನಾನು ನಿಂತರೆ ಅವರೂ ನಿಂತು ಬಂಡೆ ನೋಡುವರು. ಮೇಕೆ ಕಳೆದಿರಬೇಕು ಎಂದುಕೊಂಡೆ.

ಒಂದು ದಿನ ತುದಿಯಲ್ಲಿ ಅವರು ಎದೆ ಹಿಡಿದುಕೊಂಡು ಕುಳಿತುಬಿಟ್ಟರು.

"ಮೇಷ್ಟ್ರೇ, ಸನ್ಯಾಸಿ ಆಗೋದಾದ್ರೆ ಇವತ್ತೇ ಆಗ್ಬುಡಿ. ಎಂಡ್ರು ತೀರೋದ ಗಂಡ್ಸು ದಿನಾ ಬೆಟ್ಟ ಅತ್ತಿದ್ರೆ ಇನ್ನೇನು? ಅದ್ಕೇ ಬೀದಿಯೋರು ನನ್ನ ಕಾವ್ಲಿಗೆ ಆಕವ್ರೆ. ನನ್ ಕೈಲಿ ಇನ್ನಾಗಾಕಿಲ್ಲ."

ನಾನು ಬದರಿಯ ವಿಷಯ ತಿಳಿಸಿದೆ. ಪಿಂಡ ಇಟ್ಟರೆ ಅವಳು ಅಲ್ಲಿಗೆ ಬಂದು ತೆಗೆದುಕೊಳ್ಳುತ್ತಾಳೆ ಎಂದೆ. ಗೌಡರು ಎದೆಯ ಮೇಲಿನ ಕೈ ತೆಗೆದರು.

"ಅಷ್ಟೆತ್ರಕ್ಕೆ ಅಮ್ಮಾವ್ರು ಎಂಗ್ ಬಂದಾರು? ಸಂತೆಯಿಂದ ಬರೋವಾಗ್ಲೇ ನಮ್ ಜಗಲಿ ಮ್ಯಾಲೆ ಕೂತು ಸುದಾರಿಸ್ಕತಿದ್ರು."

ಇಷ್ಟೆಲ್ಲ ಸಿದ್ಧತೆಯಲ್ಲಿ ಅದೊಂದು ನನಗೆ ಹೊಳೆದಿರಲಿಲ್ಲ.

"ನಿಧಾನವಾಗಿ ಬರಲಿ ಗೌಡರೇ," ಎಂದೆ. "ನಾನು ಕಾದಿರುತ್ತೇನೆ."

"ಅಂಗಾದ್ರೆ ಇನ್ನೊಂದು ಕಂಬ್ಳಿ ತಕ್ಕಂಡೋಗಿ," ಎಂದರು ಗೌಡರು.