ಶೀಟಿಗೊಂದು ಜಳಕ

ಹುಬ್ಬಳ್ಳಿ-ಧಾರವಾಡದ ಹಳೇ ಕಟ್ಟಡಗಳನ್ನು ರಿಪೇರಿ ಮಾಡಿಸುವುದು ನನ್ನ ಕೆಲಸ. ಅದರಲ್ಲೂ ಆಸ್ಬೆಸ್ಟಾಸ್ ಶೀಟು ಇಳಿಸುವ ಕೆಲಸ ಬಂತೆಂದರೆ ಅವತ್ತು ಏನಾದರೊಂದು ತಮಾಷೆ ಆಗಿಯೇ ತೀರುತ್ತದೆ. ಕೆಲಸ ಮಾತ್ರ ತಮಾಷೆಯದಲ್ಲ. ಆ ಶೀಟು ಒಡೆದಾಗ ಏಳುವ ಧೂಳು ಎದೆಗೂಡು ಸೇರಿದರೆ ಎಷ್ಟೋ ವರ್ಷದ ಮೇಲೆ ಕಾಯಿಲೆಯಾಗಿ ಕಾಡುತ್ತದೆ. ಹಾಗಾಗಿ ನನ್ನ ಗ್ಯಾಂಗಿನವರು ಮೈತುಂಬ ಬಿಳಿ ಸೂಟು, ಮಾಸ್ಕು ಹಾಕಿಕೊಂಡು, ಶೀಟು ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಇಳಿಸುತ್ತಾರೆ. ಊರಲ್ಲಿ ಹೀಗೆ ಮಾಡುವವರು ಕಡಿಮೆ ಎಂಬ ಜಂಬ ನನಗಿದೆ, ಮುಚ್ಚಿಡುವುದಿಲ್ಲ.

ಬಿಳಿ ಸೂಟು

ಕೇಶ್ವಾಪುರದಲ್ಲಿ ನಮ್ಮವರು ಸೂಟು ಹಾಕಿಕೊಂಡು ಒಂದು ಮನೆಯ ಸುತ್ತ ಹಗ್ಗ ಕಟ್ಟುತ್ತಿದ್ದಂತೆ ಓಣಿಯ ಕಿಟಕಿಗಳೆಲ್ಲ ದಪದಪನೆ ಮುಚ್ಚಿದವು. ಎದುರುಮನೆಯ ಅಜ್ಜಿ ಸಂದಿಯಿಂದ ಇಣುಕಿ ನನ್ನನ್ನು ಕೇಳಿದರು:

"ಯವ್ವಾ, ಕರೋನಾ ಮತ್ತ ಬಂತೇನ?"

"ಇಲ್ರಿ ಅಜ್ಜಿ, ಹಳೇ ಶೀಟ್ ತಗಿಯಾಕತ್ತೇವಿ. ಅದರ ಧೂಳು ಕೆಟ್ಟ. ಕಿಟಕಿ ಮುಚ್ಚಿದ್ದು ಛಲೋನ ಆತು, ಸಂಜಿತನಾ ಹಂಗ ಇರ್ಲಿ."

ಅಜ್ಜಿ ಒಳಗೆ ತಿರುಗಿ ಗಂಡನಿಗೆ ಕೂಗಿದರು: "ಕೇಳಿದ್ರ್ಯಾ? ಇವತ್ತ ಇಸ್ಪೀಟ್ ಆಡಾಕ ಹೋಗಂಗಿಲ್ಲಂತ. ಸರ್ಕಾರದವರ ಬಂದು ಹೇಳ್ಯಾರ!"

ಜಳಕ

ದೇಶಪಾಂಡೆ ನಗರದ ಒಂದು ಗೋದಾಮು. ನಾವು ಶೀಟಿಗೆ ನೀರು ಸಿಂಪಡಿಸುವುದನ್ನು ಕಂಡು ಮಾಲೀಕರ ಜೀವ ಹೋದಂತಾಯಿತು.

"ಅಕ್ಕಾರ, ನಮಗ ನಳ ಬರೋದ ವಾರಕ್ಕೊಮ್ಮೆ. ನೀವು ಶೀಟಿಗೆ ಜಳಕಾ ಮಾಡಸಾಕತ್ತೀರಲ್ಲ! ಸುತ್ತಿಗಿಲೆ ಎರಡ ಹೊಡೀರಿ, ಲಗೂ ಬೀಳತಾವ."

"ಒಡದ್ರ ಧೂಳು ಏಳತೈತ್ರಿ. ನೀರು ಬ್ಯಾಡಂದ್ರ ನಾ ಕೆಲಸಾನ ಬಿಡತೇನಿ."

ನಾನು ಇಷ್ಟು ಹೇಳಿದ್ದೇ ತಡ, ನನ್ನ ಗ್ಯಾಂಗಿನವರು ಒಬ್ಬರೂ ಗೊಣಗದೆ ಕೆಳಗಿಳಿದು ಸಾಮಾನು ಕಟ್ಟತೊಡಗಿದರು. ಅವತ್ತು ಅವರನ್ನು ನೋಡಿ ನನ್ನ ಎದೆ ಉಬ್ಬಿತು. ಮಾಲೀಕರು ಸೋತು ಟ್ಯಾಂಕರ್ ತರಿಸಿದರು. ಒಂದೂ ಬಿರುಕಿಲ್ಲದೆ ಇಳಿದ ಶೀಟುಗಳು ದಪ್ಪ ಪ್ಲಾಸ್ಟಿಕ್ಕನ್ನು ಬಟ್ಟೆಯಂತೆ ಸುತ್ತಿಕೊಂಡು ಸಾಲಾಗಿ ಮಲಗಿದಾಗ ಅವರು ನಿಟ್ಟುಸಿರು ಬಿಟ್ಟರು:

"ಜಳಕಾ ಆತು, ಹೊಸಾ ಅರಬೀನೂ ಆತು. ಇನ್ನ ಇವಕ್ಕ ಊಟಕ್ಕ ಏನ್ ಮಾಡಸ್ಲಿ, ಅದನ್ನೂ ಹೇಳಿಬಿಡ್ರಿ."

ಗಡ್ಡ

ಗಾರೆಕೆಲಸದ ನಮ್ಮ ಹಿರಿಯ ಗೌಂಡಿಗೆ ಎದೆತನಕ ಗಡ್ಡ. ಮದುವೆಯ ಫೋಟೋದಲ್ಲೂ ಇದೆ. ಧಾರವಾಡದಲ್ಲಿ, ರಜೆಗೆ ಖಾಲಿಯಾಗಿದ್ದ ಹಾಸ್ಟೆಲ್ಲೊಂದರ ಶೀಟು ಇಳಿಸುವ ಮುನ್ನ ಮಾಸ್ಕು ಹಾಕಿ ನೋಡಿದರೆ ಗಡ್ಡದ ಸಂದಿಯಿಂದ ಗಾಳಿ ನುಗ್ಗುತ್ತಿತ್ತು.

"ಕಾಕಾ, ನೀವು ಇವತ್ತ ದೂರ ಇರ್ರಿ," ಎಂದೆ.

"ಹುಡುಗೂರ್ನ ಮ್ಯಾಲ ಕಳಿಸಿ ನಾ ದೂರ ನಿಂದ್ರಲ್ಯಾ?" ಎಂದು ಸರಸರನೆ ಹೋದವರು ಗಡ್ಡವಿಲ್ಲದೆ ಬಂದರು! ಮಾಸ್ಕು ಮುಖಕ್ಕೆ ಅಂಟಿದಂತೆ ಕೂತಿತು. ಸಂಜೆಯವರೆಗೆ ಅಟ್ಟಣಿಗೆಯ ಮೇಲೆ ನಿಂತು, ಶೀಟುಗಳನ್ನು ಕೂಸಿನ ಹಾಗೆ ಕೆಳಗಿಳಿಸಿದರು. "ಇವರು ನಮ್ಮ ಗೌಂಡಿ," ಎಂದು ಯಾರೂ ಕೇಳದಿದ್ದರೂ ನಾನೇ ವಾರ್ಡನ್ನರಿಗೆ ಹೇಳಿಕೊಂಡೆ.

ಮುಂದಿನದು ಮರುದಿನ ಅವರ ಬಾಯಿಂದಲೇ ಕೇಳಿದ್ದು. ಮನೆಯ ಬಾಗಿಲು ಬಡಿದರೆ ಹೆಂಡತಿ ಅರ್ಧ ತೆರೆದು, "ಮನಿಯವರು ಇನ್ನಾ ಬಂದಿಲ್ರಿ, ಆಮ್ಯಾಲ ಬರ್ರಿ," ಎಂದು ಮುಚ್ಚಿಕೊಂಡರಂತೆ. "ಲೇ, ನಾನ!" ಎಂದು ಕೂಗಿದ ಮೇಲೆ ದನಿಯ ಗುರುತು ಹತ್ತಿತು. ಒಳಗೆ ಕರೆದು, ಲೈಟು ಹಾಕಿ, ಮಾಸ್ಕಿಗಾಗಿ ಗಡ್ಡ ತೆಗೆದ ಕಥೆ ಕೇಳಿ, ಗಲ್ಲ ಹಿಡಿದು ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿದರಂತೆ.

"ಬೈದ್ರೇನ್ ಕಾಕಾ?"

ಕಾಕಾ ನಾಚಿ ನೆಲ ನೋಡಿದರು. "'ಇಷ್ಟು ಛಲೋ ಮಾರಿ ಇಟಗೊಂಡು ಇಷ್ಟು ವರ್ಷ ಯಾಕ ಮುಚ್ಚಿದ್ರಿ?' ಅಂದ್ಲು. 'ಇನ್ನಮ್ಯಾಲೆ ಬರೀ ಶೀಟಿನ ಕೆಲಸಾನ ಹಿಡೀರಿ ಅಂತ ನಿಮ್ಮ ಅಕ್ಕಾರಿಗೆ ಹೇಳ್ರಿ' ಅಂತನೂ ಅಂದ್ಲು."